ಬ್ಯಾಂಡ್‌ಕ್ಯಾಂಪ್ ವಿಮರ್ಶೆ: ಇಂಡಿ ಪಾಪ್ ಇಲ್ಲೇ ಇದೆ, ಹುಡುಕುವ ದಾರಿ ಮಾತ್ರ ಬೇರೆ

ಇಂಡಿ ಪಾಪ್ ಎಂದರೆ ದೊಡ್ಡ ಕಂಪನಿಗಳ ಹೊರಗೆ ಸಣ್ಣ ತಂಡಗಳು ಮಾಡುವ ಗಿಟಾರ್ ಪಾಪ್. ಅಂಥ ಹೊಸ ತಂಡಗಳನ್ನೋ, ಮೂವತ್ತು ವರ್ಷದ ಹಿಂದೆ ಎರಡು ರೆಕಾರ್ಡ್ ಮಾಡಿ ಕಣ್ಮರೆಯಾದವರನ್ನೋ ಹುಡುಕಲು, ತಂಡಗಳು ತಮ್ಮ ಹಾಡನ್ನು ತಾವೇ ಮಾರುವ ಆನ್‌ಲೈನ್ ಅಂಗಡಿ ಬ್ಯಾಂಡ್‌ಕ್ಯಾಂಪ್‌ಗಿಂತ ಒಳ್ಳೆಯ ಜಾಗ ಸದ್ಯಕ್ಕಿಲ್ಲ. ಅದರ ಸರ್ಚ್ ಪೆಟ್ಟಿಗೆಯಷ್ಟು ದಡ್ಡ ಪೆಟ್ಟಿಗೆಯೂ ಇನ್ನೊಂದಿಲ್ಲ. ಎರಡೂ ನಿಜ. ‘ಇಂಡಿ ಪಾಪ್’ ಎಂದು ಟೈಪ್ ಮಾಡಿ, ಹೆಸರಲ್ಲೇ ಆ ಪದ ಇಟ್ಟುಕೊಂಡ ನಾಲ್ಕಾರು ಆಲ್ಬಂ ಕೇಳಿ, ‘ಇಲ್ಲೇನೂ ಇಲ್ಲ’ ಎಂದು ಹೊರಟುಹೋಗುವವರು ಬಹಳ. ಆ ಪೆಟ್ಟಿಗೆಗೆ ತಂಡದ ಹೆಸರು, ಆಲ್ಬಂ ಹೆಸರು, ಲೇಬಲ್ (ರೆಕಾರ್ಡ್ ಹೊರತರುವ ಕಂಪನಿ) ಹೆಸರು ಅರ್ಥವಾಗುತ್ತದೆ. ಸಂಗೀತ ಹೇಗಿದೆ ಎಂಬುದು ಅರ್ಥವಾಗುವುದಿಲ್ಲ. ಇಲ್ಲಿ ಹುಡುಕಬೇಕಾದದ್ದು ಹಾಡನ್ನಲ್ಲ. ಹಾಡು ಹುಡುಕಿ ಇಟ್ಟಿರುವ ಮನುಷ್ಯರನ್ನು.

ಸಂಸ್ಥೆಯ ಬಗ್ಗೆ ಎರಡು ಮಾತು. 2008ರಲ್ಲಿ ಶುರುವಾಯಿತು. 2022ರಲ್ಲಿ ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ ಕೊಂಡಿತು, 2023ರಲ್ಲಿ ಸಂಗೀತದ ಬಳಕೆಯ ಹಕ್ಕು ಮಾರುವ ಸಾಂಗ್‌ಟ್ರೇಡರ್‌ಗೆ ಮಾರಿತು, ಆ ಕೈಬದಲಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಅಂಗಡಿ ನಡೆಯುತ್ತಿದೆ, ಲೆಕ್ಕಾಚಾರ ಬದಲಾಗಿಲ್ಲ: ಡಿಜಿಟಲ್ ಮಾರಾಟದಲ್ಲಿ ಶೇ 15 ಬ್ಯಾಂಡ್‌ಕ್ಯಾಂಪ್‌ಗೆ, ರೆಕಾರ್ಡ್ ಮತ್ತು ಟೀ ಶರ್ಟಿನಲ್ಲಿ ಶೇ 10. ಹಣ ಪಾವತಿಯ ಖರ್ಚೂ ಕಳೆದು ಸರಾಸರಿ ಶೇ 82 ತಂಡಕ್ಕೋ ಲೇಬಲ್‌ಗೋ ಸೇರುತ್ತದೆ ಎಂದು ಸಂಸ್ಥೆ ಹೇಳುತ್ತದೆ. ಮುಂದಿನ ಮಾಲೀಕರು ಇದನ್ನು ಹೀಗೇ ಇಟ್ಟುಕೊಳ್ಳುತ್ತಾರೆಂಬ ಖಾತ್ರಿ ಯಾರಿಗೂ ಇಲ್ಲ. ಕೊಂಡದ್ದನ್ನು ಅವತ್ತೇ ಇಳಿಸಿಕೊಂಡು ಬೇರೆ ಡಿಸ್ಕಿನಲ್ಲೂ ಒಂದು ಪ್ರತಿ ಇಡಿ.

ಮರೆತುಹೋದ ತಂಡ ಎಂದರೆ ಯಾವುದು, ಯಾಕೆ ಮರೆತುಹೋಯಿತು ಎಂಬುದು ಗೊತ್ತಿದ್ದರೆ ಹುಡುಕಾಟ ಅರ್ಧ ಸುಲಭ. 1986ರಲ್ಲಿ ಬ್ರಿಟನ್ನಿನ ಎನ್‌ಎಂಇ ವಾರಪತ್ರಿಕೆ ‘ಸಿ86’ ಎಂಬ ಕ್ಯಾಸೆಟ್ ತಂದಿತು. 22 ತಂಡ, ತಲಾ ಒಂದು ಹಾಡು. ಪ್ರೈಮಲ್ ಸ್ಕ್ರೀಮ್, ವೆಡ್ಡಿಂಗ್ ಪ್ರೆಸೆಂಟ್ ಮುಂದೆ ದೊಡ್ಡವರಾದರು. ಮೈಟಿ ಮೈಟಿ, ಬಾಗ್‌ಶೆಡ್ ಮುಂತಾದವರ ಹೆಸರು ಆಸಕ್ತರ ಬಾಯಲ್ಲಿ ಮಾತ್ರ ಉಳಿಯಿತು. ಮರುವರ್ಷ ಬ್ರಿಸ್ಟಲ್‌ನಲ್ಲಿ ಕ್ಲೇರ್ ವಾಡ್ ಮತ್ತು ಮ್ಯಾಟ್ ಹೇನ್ಸ್ ಸಾರಾ ರೆಕಾರ್ಡ್ಸ್ ಶುರುಮಾಡಿದರು. ಸೀ ಅರ್ಚಿನ್ಸ್ ತಂಡದ ಸಿಂಗಲ್‌ಗೆ ‘ಸಾರಾ 1’ ಎಂಬ ಸಂಖ್ಯೆ ಕೊಟ್ಟು ಹೊರಟವರು 1995ರಲ್ಲಿ ‘ಸಾರಾ 100’ ತಲುಪಿದ ಕೂಡಲೇ ಅಂಗಡಿ ಮುಚ್ಚಿದರು. ಫೀಲ್ಡ್ ಮೈಸ್, ಆರ್ಕಿಡ್ಸ್, ಹೆವನ್ಲಿ, ಬ್ಲೂಬಾಯ್ ಎಲ್ಲ ಅಲ್ಲಿಯವರೇ. ಇದೇ ಕಾಲದಲ್ಲಿ ಇವರಿಗಿಂತ ಸಣ್ಣ ಲೇಬಲ್‌ಗಳೂ ಇದ್ದವು. ಅವು ಏಳಿಂಚಿನ ರೆಕಾರ್ಡನ್ನು ಕೆಲವು ನೂರು ಪ್ರತಿ ಅಚ್ಚುಹಾಕಿಸುತ್ತಿದ್ದವು; ಇಲ್ಲವೇ ಕೈಬರಹದ ಪತ್ರಿಕೆಯ ಜೊತೆ ತೆಳು ಪ್ಲಾಸ್ಟಿಕ್ಕಿನ ಫ್ಲೆಕ್ಸಿ ಡಿಸ್ಕ್ ಹಂಚುತ್ತಿದ್ದವು. ಲೇಬಲ್ ಮುಚ್ಚಿತು, ಹಕ್ಕು ಯಾರದು ಎಂಬ ಕಾಗದ ಕಳೆಯಿತು, ಮೂಲ ಟೇಪ್ ಯಾರದೋ ಅಟ್ಟ ಸೇರಿತು. ಸಿಡಿಗೇ ಬಾರದ ಇಂಥವು ಸ್ಟ್ರೀಮಿಂಗಿಗೆ ತಾವಾಗಿ ಬರುವುದಿಲ್ಲ. ಡ್ರಮ್ಮರ್ ನಿವೃತ್ತಿಯ ಹೊತ್ತಿಗೆ ಟೇಪ್ ಹುಡುಕಿ ತಾನೇ ಏರಿಸಿದರಷ್ಟೇ ಉಂಟು. ಹಾಗೆ ಏರಿಸಲು ಅವನಿಗೆ ಅತ್ಯಂತ ಸುಲಭದ ಜಾಗ ಬ್ಯಾಂಡ್‌ಕ್ಯಾಂಪ್: ಮಧ್ಯವರ್ತಿ ಬೇಡ, ವರ್ಷದ ಶುಲ್ಕ ಇಲ್ಲ.

ತೊಂದರೆಯೂ ಅಲ್ಲಿಂದಲೇ ಶುರು. ಸಂಗೀತದ ಬಗೆ, ಊರು ಸೂಚಿಸುವ ಟ್ಯಾಗ್ ಪದಗಳನ್ನು ಬರೆಯುವವರು ಏರಿಸಿದವರೇ. ಒಬ್ಬರು ‘ಇಂಡಿಪಾಪ್’ ಎಂದು ಒಂದೇ ಪದ ಮಾಡುತ್ತಾರೆ, ಇನ್ನೊಬ್ಬರು ಬಿಡಿಸಿ ಬರೆಯುತ್ತಾರೆ. ಹಾಗೆ ಬಿಡಿಸಿ ಬರೆದ ಟ್ಯಾಗ್ ಒತ್ತಿದರೆ ಮಲಗುವ ಕೋಣೆಯ ಸಿಂಥ್ ಸಂಗೀತದಿಂದ ಹಿಡಿದು ಜಾಹೀರಾತಿನ ಟ್ಯೂನಿನವರೆಗೆ ಎಲ್ಲ ಸುರಿಯುತ್ತದೆ. ಅದನ್ನು ಬಿಟ್ಟು ‘ಟ್ವೀ’ (ಮುಗ್ಧ, ಮೃದು ಪಾಪ್), ‘ಜ್ಯಾಂಗಲ್ ಪಾಪ್’ (ಕಿಣಿಕಿಣಿ ಗಿಟಾರಿನದು), ‘ಸಿ86’, ‘ನಾಯ್ಸ್ ಪಾಪ್’ (ಗದ್ದಲದ ಗಿಟಾರಿನದು) ಹಿಡಿಯಿರಿ. ಈ ಪದಗಳನ್ನು ಬಳಸುವವರಿಗೆ ತಾವು ಯಾವ ಪರಂಪರೆಯವರೆಂಬ ಅರಿವು ಇರುತ್ತದೆ, ಹಾಗಾಗಿ ಹೊಟ್ಟು ಕಡಿಮೆ. ಇದಕ್ಕಿಂತ ಮೇಲು ಊರಿನ ಟ್ಯಾಗ್. ನ್ಯೂಜಿಲೆಂಡಿನ ಡುನೆಡಿನ್ ಒಂದು ಸಣ್ಣ ವಿಶ್ವವಿದ್ಯಾಲಯದ ಊರು. ಕ್ಲೀನ್, ಚಿಲ್ಸ್, ವರ್ಲೇನ್ಸ್ ಹುಟ್ಟಿದ್ದು ಅಲ್ಲಿ. ಆ ಊರಿನ ಹೆಸರಿನಲ್ಲಿ ಸೋಸಿದರೆ ಅವರ ಸಮಕಾಲೀನರ ಜೊತೆ ಈಗಿನ ಹುಡುಗರೂ ಒಂದೇ ಪುಟದಲ್ಲಿ ಸಿಗುತ್ತಾರೆ. ಗ್ಲಾಸ್ಗೋ, ಬ್ರಿಸ್ಟಲ್, ಸ್ಯಾನ್ ಫ್ರಾನ್ಸಿಸ್ಕೋ ಕೂಡ ಹೀಗೆ ಕೆಲಸಕ್ಕೆ ಬರುತ್ತವೆ. ಲಂಡನ್ ಬರುವುದಿಲ್ಲ, ಅಲ್ಲಿ ಜಾತ್ರೆ.

ಡಿಸ್ಕವರ್ ಪುಟದಲ್ಲಿ ‘ಬೆಸ್ಟ್ ಸೆಲ್ಲಿಂಗ್’ ಎಂಬ ಜೋಡಣೆಯನ್ನು ಮೊದಲು ತೆಗೆಯಿರಿ. ಎಲ್ಲರಿಗೂ ಆಗಲೇ ಗೊತ್ತಿರುವುದನ್ನೇ ಅದು ತೋರಿಸುತ್ತದೆ. ‘ನ್ಯೂ ಅರೈವಲ್ಸ್’ ಒಳ್ಳೆಯದು, ಆದರೆ ತಾರೀಖನ್ನು ನಂಬಬೇಡಿ. ಬಿಡುಗಡೆಯ ದಿನ ತುಂಬುವವರೂ ಏರಿಸಿದವರೇ. 1989ರ ಡೆಮೊ ಕ್ಯಾಸೆಟ್ಟಿಗೆ ಈ ವರ್ಷದ ದಿನಾಂಕ ಇರಬಹುದು, ಮೊನ್ನೆ ಮಾಸ್ಟರ್ ಮಾಡಿದ್ದಕ್ಕೆ 1989 ಎಂದು ಇರಬಹುದು. ಹಾಡುಗಳ ಪಟ್ಟಿಯ ಕೆಳಗಿನ ವಿವರಣೆಯನ್ನು ಪೂರ್ತಿ ಓದಿದರೆ ಯಾವ ಟೇಪಿನಿಂದ, ಯಾವ ಸ್ಟುಡಿಯೋ, ಯಾರು ಗಿಟಾರ್ ಎಂಬುದೆಲ್ಲ ಹೆಚ್ಚಿನ ಸಲ ಅಲ್ಲಿರುತ್ತದೆ. ಮುಂದಿನ ಹುಡುಕಾಟಕ್ಕೆ ಹೆಸರುಗಳು ಸಿಗುವುದೂ ಅಲ್ಲೇ.

ಟ್ಯಾಗ್ ಒಂದು ಹಂತದವರೆಗೆ ಸಾಕು. ಆಮೇಲೆ ಲೇಬಲ್ ಹಿಡಿಯಬೇಕು. ಸ್ಲಂಬರ್‌ಲ್ಯಾಂಡ್ ಅಮೆರಿಕದಲ್ಲಿ 1989ರಿಂದ ಇದೆ. ಅಂಬ್ರೆಲ್ಲಾಸ್, ಜನೀನ್ಸ್, ರೆಡ್ಸ್ ಪಿಂಕ್ಸ್ ಅಂಡ್ ಪರ್ಪಲ್ಸ್ ಇಂಥ ಈಗಿನ ತಂಡಗಳನ್ನು ಅಲ್ಲಿ ಕೇಳಬಹುದು. ಸ್ಕೆಪ್ ವ್ಯಾಕ್ಸ್ ನಡೆಸುವವರು ಹೆವನ್ಲಿ ತಂಡದ ಅಮೀಲಿಯಾ ಫ್ಲೆಚರ್ ಮತ್ತು ರಾಬ್ ಪರ್ಸಿ. ಹೆವನ್ಲಿಯ ಹಳೆಯ ಎಲ್‌ಪಿಗಳನ್ನು 2022ರಿಂದ ಮರಳಿ ತಂದಿದ್ದಾರೆ, ಹಳೆಯ ಸಾರಾ ಕಲಾವಿದರ ಹೊಸ ಹಾಡುಗಳ ಸಂಕಲನವನ್ನೂ ಮಾಡಿದ್ದಾರೆ. ಫ್ಲೈಯಿಂಗ್ ನನ್ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 1981ರಲ್ಲಿ ಹುಟ್ಟಿದ್ದು; ಕ್ಲೀನ್ ತಂಡದ ಮೊದಲ ಸಿಂಗಲ್ಲಿನ ಧ್ವನಿಮುದ್ರಣಕ್ಕೆ ಆದ ಖರ್ಚು ನೂರು ಡಾಲರಿಗೂ ಕಡಿಮೆ ಎಂಬುದು ಅಲ್ಲಿನ ಪ್ರಸಿದ್ಧ ಲೆಕ್ಕ. ಸ್ಪೇನ್‌ನ ಎಲೆಫಾಂಟ್, ಕ್ಯಾಲಿಫೋರ್ನಿಯಾದ ಮ್ಯಾಟಿನೆ ಇನ್ನೆರಡು. ಲೇಬಲ್ ಪುಟ ತೆರೆದು ಮೇಲಿನ ಸಾಲು ಬಿಟ್ಟು ಪುಟದ ತಳದಿಂದ ಮೇಲಕ್ಕೆ ಬನ್ನಿ, ಹಳೆಯವು ಅಲ್ಲಿರುತ್ತವೆ. ಸಂಕಲನ ಇದ್ದರೆ ಮೊದಲು ಅದು. ಇಪ್ಪತ್ತು ತಂಡದ ಇಪ್ಪತ್ತು ಹಾಡು ಒಂದು ಗಂಟೆಯಲ್ಲಿ ಮುಗಿಯುತ್ತದೆ, ಮೂರು ಹಿಡಿಸಿದರೂ ಲಾಭವೇ.

ಈಗ ಬ್ಯಾಂಡ್‌ಕ್ಯಾಂಪ್‌ನ ನಿಜವಾದ ಬಂಡವಾಳಕ್ಕೆ ಬರೋಣ. ಆಲ್ಬಂ ಮುಖಚಿತ್ರದ ಕೆಳಗೆ ಪುಟ್ಟ ಪುಟ್ಟ ಚೌಕಗಳಿರುತ್ತವೆ. ಅವು ಅದನ್ನು ಕಾಸು ಕೊಟ್ಟು ಕೊಂಡವರ ಚಿತ್ರಗಳು. ಒಂದನ್ನು ಒತ್ತಿದರೆ ಆ ವ್ಯಕ್ತಿ ಕೊಂಡದ್ದೆಲ್ಲ, ಅವರು ಬಚ್ಚಿಟ್ಟಿಲ್ಲದಿದ್ದರೆ, ನಿಮ್ಮೆದುರು. ಯಂತ್ರದ ಶಿಫಾರಸಿಗೂ ಇದಕ್ಕೂ ಇರುವ ವ್ಯತ್ಯಾಸ ದುಡ್ಡು: ಸುಮ್ಮನೆ ಕೇಳಿ ಬಿಟ್ಟದ್ದು ಇಲ್ಲಿ ಬರುವುದಿಲ್ಲ, ಜೇಬಿನಿಂದ ತೆತ್ತದ್ದು ಮಾತ್ರ ಬರುತ್ತದೆ. ಇದನ್ನು ಬಳಸುವುದರಲ್ಲಿ ಒಂದು ಕೈಚಳಕ ಬೇಕು. ನಿಮಗೆ ತುಂಬ ಹಿಡಿಸಿದ, ಆದರೆ ಇಪ್ಪತ್ತರಿಂದ ಅರವತ್ತು ಜನ ಮಾತ್ರ ಕೊಂಡಿರುವ ಆಲ್ಬಂ ಆರಿಸಿ. ಸಾವಿರ ಜನ ಕೊಂಡದ್ದರಿಂದ ಹೊರಟರೆ ಅವರ ರುಚಿಗಳು ಹತ್ತು ದಿಕ್ಕಿಗೆ ಚೆದುರಿರುತ್ತವೆ. ಮೂವರೇ ಕೊಂಡಿದ್ದರೆ ಅವರು ಹಾಡಿದವರ ನೆಂಟರೇ ಇರಬೇಕು. ನಡುವಿನ ಆ ಗುಂಪಿನಲ್ಲಿ ಸಂಗ್ರಹ ಇನ್ನೂರರಿಂದ ಸಾವಿರ ಆಲ್ಬಂ ಇರುವವರನ್ನು ನೋಡಿ. ಐದು ಸಾವಿರ ಇರುವವರು ಸಿಕ್ಕಿದ್ದೆಲ್ಲ ಕೊಳ್ಳುವವರು, ಅವರ ಆಯ್ಕೆಯಿಂದ ತಿಳಿಯುವುದು ಕಡಿಮೆ. ಇಬ್ಬರು ಅಪರಿಚಿತರ ಸಂಗ್ರಹದಲ್ಲಿ ಒಂದೇ ಅಜ್ಞಾತ ತಂಡ ಕಂಡರೆ ಅಲ್ಲಿ ಏನೋ ಇದೆ. ಅಂಥ ನಾಲ್ಕೈದು ಜನರನ್ನು ಫಾಲೋ ಮಾಡಿದರೆ ಅವರು ಕೊಳ್ಳುವುದೆಲ್ಲ ನಿಮ್ಮ ಫೀಡಿಗೆ ಬರುತ್ತದೆ. ಐವತ್ತು ಜನರನ್ನು ಫಾಲೋ ಮಾಡಿದರೆ ಫೀಡ್ ಮತ್ತೆ ಸಂತೆ. ಈ ಕೆಲಸಕ್ಕೆ ಫೋನಿನ ಆಪ್ ಬೇಡ, ಕಂಪ್ಯೂಟರಿನಲ್ಲಿ ಟ್ಯಾಬ್ ಮೇಲೆ ಟ್ಯಾಬ್ ತೆರೆದು ಮಾಡಿ.

ಹಳೆಯ ತಂಡ ಸಿಕ್ಕಿತೆಂದು ಕೂಡಲೇ ಕೊಳ್ಳಬೇಡಿ, ಏರಿಸಿದವರು ಯಾರು ನೋಡಿ. ಆರ್ಕಿಡ್ಸ್, ಸರ್ವೆಂಟ್ಸ್ ಇಂಥ ಸಾದಾ ಹೆಸರುಗಳನ್ನು ಬೇರೆ ಬೇರೆ ಊರಿನವರು ಇಟ್ಟುಕೊಂಡಿರುತ್ತಾರೆ. ರೆಕಾರ್ಡುಗಳ ವಿವರ ಕಲೆಹಾಕುವ ಡಿಸ್ಕಾಗ್ಸ್ ಜಾಲತಾಣದಲ್ಲಿ ರೆಕಾರ್ಡಿನ ಕ್ಯಾಟಲಾಗ್ ಸಂಖ್ಯೆ, ವರ್ಷ, ಸದಸ್ಯರ ಹೆಸರು ತೆಗೆದು ಬ್ಯಾಂಡ್‌ಕ್ಯಾಂಪ್ ಪುಟದ ವಿವರದ ಜೊತೆ ಹೋಲಿಸಿ. ಹಾಡುಗಳ ಅವಧಿ ಎರಡು ಮೂರು ಸೆಕೆಂಡಿನ ಒಳಗೆ ತಾಳೆಯಾಗಬೇಕು. ಸದಸ್ಯರ ಹೆಸರೇ ಇಲ್ಲದೆ, ಸಂಬಂಧವಿಲ್ಲದ ಹತ್ತು ತಂಡಗಳ ಹಾಡು ಒಂದೇ ಖಾತೆಯಲ್ಲಿದ್ದರೆ ಅದು ಯಾರೋ ರೆಕಾರ್ಡಿನಿಂದ ಇಳಿಸಿ ಮಾರುತ್ತಿರುವುದು ಎಂದು ಶಂಕಿಸಬಹುದು. ನಿಮ್ಮ ದುಡ್ಡು ಹಾಡಿದವರಿಗೆ ಹೋಗುವುದಿಲ್ಲ.

ಧ್ವನಿಯ ವಿಚಾರ. ಪುಟದಲ್ಲಿ ಬಿಟ್ಟಿ ಕೇಳುವಾಗ ಬರುವುದು 128 ಕೆಬಿಪಿಎಸ್ ಎಂಪಿ3, ಅಂದರೆ ಧ್ವನಿಯನ್ನು ಬಹಳ ಕುಗ್ಗಿಸಿದ ಫೈಲ್. ಅದನ್ನು ಕೇಳಿ ಸಿಂಬಲ್ ಒಡೆದ ಹಾಗಿದೆ ಎಂದು ತೀರ್ಪು ಕೊಡಬೇಡಿ. ಕೊಂಡ ಮೇಲೆ ಫ್ಲಾಕ್, ವೇವ್ (ಎರಡೂ ಧ್ವನಿ ಒಂದಿಷ್ಟೂ ಕಳೆಯದ ಬಗೆ), ಎಂಪಿ3 320 ಮುಂತಾದವುಗಳಲ್ಲಿ ಬೇಕಾದ್ದನ್ನು ಇಳಿಸಿಕೊಳ್ಳಬಹುದು. ಆದರೆ ಫ್ಲಾಕ್ ಎಂದು ಹೆಸರಿದ್ದ ಮಾತ್ರಕ್ಕೆ ಫ್ಲಾಕ್ ಆಗುವುದಿಲ್ಲ. ಯಾರೋ ಹಳೆಯ ಎಂಪಿ3ಯನ್ನು ವೇವ್ ಮಾಡಿ ಏರಿಸಿರಬಹುದು. ಸ್ಪೆಕ್ ಎಂಬ ಉಚಿತ ತಂತ್ರಾಂಶಕ್ಕೆ ಫೈಲ್ ಹಾಕಿ: 16 ಕಿಲೋಹರ್ಟ್ಸ್ ಹತ್ತಿರ ಕತ್ತಿಯಲ್ಲಿ ಕೊಯ್ದ ಹಾಗೆ ಚಿತ್ರ ನಿಂತರೆ ಅದು ಮೊದಲೊಮ್ಮೆ 128ರ ಎಂಪಿ3 ಆಗಿತ್ತು. ಮೇಲಕ್ಕೆ ಹೋಗುತ್ತ ಮೆಲ್ಲಗೆ ಮಸುಕಾದರೆ ದೋಷ ಫೈಲಿನದಲ್ಲ, ಕ್ಯಾಸೆಟ್ಟೇ ಹಾಗೆ. ಮೂಲ ಟೇಪ್ ಸಿಗದೆ ರೆಕಾರ್ಡಿನಿಂದ ಇಳಿಸಿದ್ದರೆ ಚಿಟಿಚಿಟಿ ಸದ್ದು ಇರುತ್ತದೆ, ಫ್ಲೆಕ್ಸಿಯಿಂದಾದರೆ ಇನ್ನೂ ಹೆಚ್ಚು. ಆ ಸದ್ದನ್ನು ಪೂರ್ತಿ ಒರೆಸಿದ ಪ್ರತಿಗಿಂತ ಅರೆಬರೆ ಬಿಟ್ಟ ಪ್ರತಿಯಲ್ಲೇ ಗಿಟಾರ್ ಚೆನ್ನಾಗಿ ಕೇಳಿಸುತ್ತದೆ.

ಬೆಲೆ ಕಲಾವಿದರ ಕರೆನ್ಸಿಯಲ್ಲಿರುತ್ತದೆ. 7 ಎಂಬ ಅಂಕಿ ಕಂಡರೆ ಅದು ನ್ಯೂಜಿಲೆಂಡ್ ಡಾಲರೋ ಪೌಂಡೋ ನೋಡಿ, ಎರಡು ಪಟ್ಟಿಗೂ ಹೆಚ್ಚು ಅಂತರವಿದೆ. ಅಮೆರಿಕದ ಡಾಲರಿನಲ್ಲಿ ಒಂದು ಡಿಜಿಟಲ್ ಆಲ್ಬಂ ಸಾಮಾನ್ಯವಾಗಿ 7ರಿಂದ 10, ಅಂದರೆ ಸುಮಾರು 600ರಿಂದ 900 ರೂಪಾಯಿ; ಮೇಲೆ ಬ್ಯಾಂಕಿನ ವಿದೇಶಿ ವಿನಿಮಯದ ಶುಲ್ಕ. ಯುಪಿಐ ಇಲ್ಲ. ಕಾರ್ಡ್ ‘ಡಿಕ್ಲೈನ್ಡ್’ ಎಂದು ಬಂದರೆ ಮೊದಲು ಬ್ಯಾಂಕಿನ ಆಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಚಾಲೂ ಇದೆಯೇ ನೋಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ಎಲ್‌ಪಿ ತರಿಸುವುದಾದರೆ ಸಾಗಣೆಯೇ ರೆಕಾರ್ಡಿನ ಬೆಲೆ ಮೀರುವುದುಂಟು, ಮೇಲೆ ಕಸ್ಟಮ್ಸ್. ಒಂದೇ ಲೇಬಲ್‌ನಿಂದ ಮೂರು ನಾಲ್ಕು ಒಟ್ಟಿಗೆ ತರಿಸಿದರಷ್ಟೇ ಗಿಟ್ಟುತ್ತದೆ.

ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನ ಸಂಸ್ಥೆ ತನ್ನ ಪಾಲು ಬಿಟ್ಟುಕೊಡುತ್ತದೆ; 2020ರ ಮಾರ್ಚಿನಲ್ಲಿ ಕೋವಿಡ್ ಹೊತ್ತಿಗೆ ಶುರುವಾದದ್ದು, ಈಗ ಕೆಲವು ತಿಂಗಳು ಮಾತ್ರ. ಲೆಕ್ಕ ಅಮೆರಿಕದ ಪಶ್ಚಿಮ ಕರಾವಳಿಯ ನಡುರಾತ್ರಿಯಿಂದ ನಡುರಾತ್ರಿಗೆ. ನಮ್ಮಲ್ಲಿ ಅದು ಅಮೆರಿಕದ ಬೇಸಿಗೆಯ ಗಡಿಯಾರದಲ್ಲಿ ಶುಕ್ರವಾರ ಮಧ್ಯಾಹ್ನ 12.30ರಿಂದ ಶನಿವಾರ 12.30ರವರೆಗೆ, ಚಳಿಗಾಲದಲ್ಲಿ ಒಂದು ಗಂಟೆ ತಡ. ಶುಕ್ರವಾರ ಬೆಳಿಗ್ಗೆಯೇ ಎದ್ದು ಕೊಂಡರೆ ಪಾಲು ಎಂದಿನಂತೆ ಕಡಿತ.

ನಮ್ಮೂರಿನ ತಂಡಗಳ ವಿಚಾರದಲ್ಲಿ ಇದೇ ಅಂಗಡಿ ಎಡವುತ್ತದೆ. ‘ಬೆಂಗಳೂರು’ ಮತ್ತು ‘ಬ್ಯಾಂಗಲೋರ್’ ಎರಡೂ ಕಾಗುಣಿತದಲ್ಲಿ ಟ್ಯಾಗ್ ನೋಡಬೇಕು, ಸಿಗುವುದರಲ್ಲಿ ಮೆಟಲ್ ಮತ್ತು ಎಲೆಕ್ಟ್ರಾನಿಕ್ ಬಹಳ, ಗಿಟಾರ್ ಪಾಪ್ ಕಡಿಮೆ. ಕೇಳಲು ಅಡ್ಡಿಯಿಲ್ಲ, ಕೊಳ್ಳಲು ಹೋದಾಗ ತೊಡಕು: ತಂಡಗಳಿಗೆ ಹಣ ಹೋಗುವುದು ಪೇಪಾಲ್ ಮೂಲಕ, ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ಜಯನಗರದ ಕೇಳುಗ ಮಲ್ಲೇಶ್ವರದ ತಂಡಕ್ಕೆ ಕೊಡಲು ಹೊರಟ ಮುನ್ನೂರು ರೂಪಾಯಿ ಹೀಗೆ ಸಿಕ್ಕಿಹಾಕಿಕೊಳ್ಳುತ್ತದೆ, ಬರ್ಲಿನ್ನಿನಲ್ಲಿರುವ ಕನ್ನಡಿಗನ ದುಡ್ಡು ಸಲೀಸಾಗಿ ತಲುಪುತ್ತದೆ. ಅಂಥ ಕಡೆ ಆಲ್ಬಂ ಅನ್ನು ವಿಶ್‌ಲಿಸ್ಟಿಗೆ ಹಾಕಿ, ತಂಡದ ಪುಟದಲ್ಲಿರುವ ಸಂಪರ್ಕದ ಮೂಲಕ ನೇರವಾಗಿ ಕೇಳಿ. ಯುಪಿಐನಲ್ಲಿ ಹಣ ಪಡೆದು ಡೌನ್‌ಲೋಡ್ ಕೋಡ್ ಕಳಿಸಲು ತಂಡದವರಿಗೆ ಸಾಧ್ಯವಿದೆ. ಆ ಕೋಡ್ ಹಾಕಿದರೆ ಆಲ್ಬಂ ನಿಮ್ಮ ಸಂಗ್ರಹಕ್ಕೆ ಸೇರುತ್ತದೆ.