ಸಿಂಹ, ಕರಡಿ, ಮರಿ: ನಮ್ಮ ಬೋಂಡನ ಮೂರು ಕಟಿಂಗ್

ನಮ್ಮ ಬೋಂಡ ಶಿಹ್ ತ್ಸು ಜಾತಿಯ ನಾಯಿ. ಇವಕ್ಕೆ ಕೂದಲು ಉದುರುವುದು ಕಡಿಮೆ, ಬೆಳೆಯುವುದು ಮಾತ್ರ ನಿಲ್ಲುವುದಿಲ್ಲ. ಎರಡು ತಿಂಗಳು ಬಿಟ್ಟರೆ ನೆಲ ಒರೆಸುವ ಬಟ್ಟೆಯೇ ಎದ್ದು ಓಡಾಡಿದ ಹಾಗೆ. ಹೋದ ಯುಗಾದಿಯಿಂದ ಮೂರು ಥರ ಕಟಿಂಗ್ ಮಾಡಿಸಿ ನೋಡಿದೆ.

ಮೊದಲನೆಯದು ಲಯನ್ ಕಟ್. ಕುತ್ತಿಗೆ ಸುತ್ತ ಕೇಸರ, ಬಾಲದ ತುದಿಗೆ ಕುಚ್ಚು, ಮಿಕ್ಕಿದ್ದೆಲ್ಲ ಬೋಳು. ಚೀನೀ ಭಾಷೆಯಲ್ಲಿ ಶಿಹ್ ತ್ಸು ಅಂದರೇನೇ ಸಿಂಹ, ಹಾಗಾಗಿ ಒಪ್ಪುತ್ತದೆ ಅಂದುಕೊಂಡೆ. ಮನೆಗೆ ಕರೆತಂದಾಗ ಅಮ್ಮ ನೋಡಿ, "ಏನೋ ಇದು, ಉಣ್ಣೆ ಕತ್ತರಿಸೋನು ಅರ್ಧಕ್ಕೇ ಊಟಕ್ಕೆ ಎದ್ದು ಹೋದ ಹಾಗಿದೆಯಲ್ಲೋ" ಅಂದರು. ಮಶಿನ್‌ಗೆ 10ನೇ ನಂಬರ್ ಬ್ಲೇಡ್ ಹಾಕಿದ್ದರು. ಅದು ಉಳಿಸುವುದು ಒಂದೂವರೆ ಮಿಲಿಮೀಟರ್ ಅಷ್ಟೇ. ಬೇಸಿಗೆಗೆ ತಂಪು ಅಂತ ನನ್ನ ಲೆಕ್ಕ. ಆದರೆ ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಬೋಳಾದ ಬೆನ್ನಿಗೆ ಬಿಸಿಲು ನೇರ ಬಿದ್ದು ಕೆಂಪಗಾಯಿತು. ಹೊಟ್ಟೆಯ ಹತ್ತಿರ ಒಂದು ಕಡೆ ಬ್ಲೇಡ್ ಕಾದು ಚರ್ಮ ಉರಿದಿತ್ತು, ಅದು ಮನೆಗೆ ಬಂದ ಮೇಲೆ ಕಂಡಿದ್ದು. ಬೋಂಡ ಮೂರು ದಿನ ಸೋಫಾ ಕೆಳಗಿಂದ ಬರಲೇ ಇಲ್ಲ.

ಈ ಥರದ ಕಟಿಂಗ್ ಸುಮ್ನೆ ತಮಾಷೆಗೆ ಹುಟ್ಟಿದ್ದಲ್ಲವಂತೆ. ಪೂಡಲ್ ಜಾತಿಯ ನಾಯಿಗಳು ಹಿಂದೆ ನೀರಿಗಿಳಿದು ಬೇಟೆಯ ಬಾತುಕೋಳಿ ತರುತ್ತಿದ್ದವು. ಈಜಲು ಹಗುರ ಇರಲಿ ಅಂತ ಮೈ ಬೋಳಿಸಿ, ಎದೆ ಮತ್ತು ಕೀಲು ಚಳಿಗೆ ಮರಗಟ್ಟದಿರಲಿ ಅಂತ ಅಲ್ಲಿ ಮಾತ್ರ ಕೂದಲು ಬಿಡುತ್ತಿದ್ದರು. ಕುವೆಂಪುನಗರದಲ್ಲಿ ಬೋಂಡ ಯಾವ ಬಾತುಕೋಳಿ ತರಬೇಕು?

ಮಳೆಗಾಲಕ್ಕೆ ಟೆಡ್ಡಿ ಬೇರ್ ಕಟ್. ನೋಡಲು ಇದೇ ನಂಬರ್ ಒನ್, ಎರಡು ಮಾತಿಲ್ಲ. ಗುಂಡು ಮುಖ, ಕಂಬದಂಥ ಕಾಲು. ಹಾಲಿನವನೂ ನಿಂತು ಫೋಟೋ ತೆಗೆದುಕೊಂಡ. ಆದರೆ ನಮ್ಮ ಮನೆ ಪಕ್ಕ ಖಾಲಿ ಸೈಟ್ ಇದೆ, ಮಳೆ ಬಿದ್ದರೆ ಉತ್ತರಾಣಿ ಸೊಂಟದೆತ್ತರ. ಒಂದು ಸುತ್ತು ಹೋಗಿ ಬಂದರೆ ಆ ಕಂಬದ ಕಾಲಿನ ತುಂಬ ಮುಳ್ಳಿನಂಥ ಬೀಜ. ದಿನಾ ಸಂಜೆ ಜಗಲಿಯಲ್ಲಿ ಕೂತು ಒಂದೊಂದೇ ಕೀಳುವ ಕೆಲಸ ನನ್ನದು. ಕಿವಿ ಹಿಂದೆ, ಕಂಕುಳಲ್ಲಿ ಒದ್ದೆ ಆರದೆ ಕೂದಲು ಜಡೆಗಟ್ಟಿತು. ಬೆರಳ ಸಂದಿಯಲ್ಲಿ ಒಂದು ಉಣ್ಣಿ ಹೊಟ್ಟೆ ಉಬ್ಬಿಸಿಕೊಂಡು, ಹೆಸರುಕಾಳಿನಷ್ಟಾಗಿ ಕೂತಿತ್ತು. ಅಷ್ಟು ದಟ್ಟ ಕೂದಲಲ್ಲಿ ನನಗೆ ಕಂಡಿರಲೇ ಇಲ್ಲ.

ದಸರಾ ಮುಗಿದ ಮೇಲೆ ಪಪ್ಪಿ ಕಟ್. ತಲೆಯಿಂದ ಕಾಲಿನವರೆಗೆ ಒಂದೇ ಅಳತೆ, ಸುಮಾರು ಅರ್ಧ ಇಂಚು. ಪಾದದಡಿ ಪೂರ್ತಿ ಸಣ್ಣಗೆ. ಯಾರೂ ನಿಂತು ನೋಡುವುದಿಲ್ಲ. ದಿನಾ ಐದು ನಿಮಿಷ ಬಾಚಿದರೆ ಸಾಕು, ಉಣ್ಣಿ ಇದ್ದರೆ ಕೈಗೆ ಸಿಗುತ್ತದೆ, ಮೊಸಾಯಿಕ್ ನೆಲದ ಮೇಲೆ ಜಾರಿ ಬೀಳುವುದೂ ಕಡಿಮೆ. ನನ್ನ ಓಟು ಇದಕ್ಕೇ.

ಒಂದು ಮಾತು ಮಾತ್ರ. ಪಾಮ್ (ಪಾಮರೇನಿಯನ್), ಹಸ್ಕಿ, ಗೋಲ್ಡನ್ ರಿಟ್ರೀವರ್ ಜಾತಿಯ ನಾಯಿ ಸಾಕಿದವರು ನಮ್ಮ ಬೋಂಡನನ್ನು ನೋಡಿ ಮಶಿನ್ ಹಿಡಿಯಬೇಡಿ. ಅವುಗಳದು ಎರಡು ಪದರದ ಕೂದಲು. ಒಳಗಿನ ಪದರ ಚಳಿಗೂ ಬಿಸಿಲಿಗೂ ಅಡ್ಡ. ಎದುರು ಮನೆಯವರು ಪಾಮ್‌ಗೆ ಪೂರ್ತಿ ಬೋಳಿಸಿದರು. ಎಂಟು ತಿಂಗಳಾದರೂ ಬೆನ್ನ ಮೇಲೆ ತೇಪೆ ತೇಪೆ, ಪಾಪ.

ಈಗಲೂ ಬೋಂಡನಿಗೆ ಪಪ್ಪಿ ಕಟ್ಟೇ, ಬಾಲದ ಕುಚ್ಚೊಂದನ್ನು ಬಿಟ್ಟು. ಅದನ್ನು ತೆಗೆಸಬೇಡ ಅಂತ ಅಮ್ಮನ ಆರ್ಡರ್.