ನಿವೃತ್ತಿಯ ಹಣ ಬಂದ ವಾರದಲ್ಲೇ ಬ್ಯಾಂಕಿನಿಂದ ಕರೆ ಬಂದರೆ

ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಿಂದ ನಾನು 2022ರ ಮೇ 31ರಂದು ನಿವೃತ್ತನಾದೆ. ಜುಲೈನಲ್ಲಿ ಗ್ರಾಚ್ಯುಟಿ ಮತ್ತು ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಒಟ್ಟಿಗೆ ಪಡೆಯುವುದು) ಹಣ ಖಾತೆಗೆ ಜಮೆಯಾದ ಮೂರನೆಯ ದಿನವೇ, ಇಪ್ಪತ್ತು ವರ್ಷ ನನ್ನ ಸಂಬಳ ಬರುತ್ತಿದ್ದ ಬ್ಯಾಂಕ್ ಶಾಖೆಯಿಂದ ಕರೆ ಬಂತು. ಅಷ್ಟರಲ್ಲಿ ನಾನೂ ನನ್ನ ಪತ್ನಿಯೂ ಒಂದು ಲೆಕ್ಕ ಹಾಕಿಕೊಂಡಿದ್ದೆವು: ಹಣದ ಬಹುಪಾಲನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿಯಲ್ಲಿ ಮೊದಲ ವರ್ಷವೇ ಕಾಶಿ, ಗಯಾ, ಪ್ರಯಾಗ ನೋಡಿ ಬರುವುದು.

ಶಾಖೆಯಲ್ಲಿ ನಮ್ಮನ್ನು ಒಳಗಿನ ಕೋಣೆಯಲ್ಲಿ ಕೂರಿಸಿ ಕಾಫಿ ತರಿಸಿದರು. "ಸಾರ್, ಇದು ಎಫ್‌ಡಿಯ ಹಾಗೆಯೇ, ಬಡ್ಡಿ ಮಾತ್ರ ಹೆಚ್ಚು, ಒಂದು ಸಲ ಐದು ಲಕ್ಷ ಕಟ್ಟಿದರೆ ಸಾಕು" ಎಂದು ಅಧಿಕಾರಿ ಹೇಳಿದರು. ಮುಂದಿಟ್ಟ ಇಂಗ್ಲಿಷ್ ನಮೂನೆಯಲ್ಲಿ ಸಹಿ ಬೇಕಾದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಸಣ್ಣ ಗುಣಿಸು ಗುರುತು ಹಾಕಿದ್ದರು. ಹನ್ನೊಂದು ಕಡೆ ಸಹಿ ಮಾಡಿದೆ. ಆದಾಯ, ಉದ್ಯೋಗದ ಅಂಕಣಗಳು ಖಾಲಿಯಿದ್ದವು. "ಅದನ್ನು ನಾವು ತುಂಬಿಕೊಳ್ಳುತ್ತೇವೆ" ಎಂದರು. ಎರಡು ದಿನಗಳ ನಂತರ ಪರಿಶೀಲನೆಯ ಕರೆ ಬಂದಾಗ ಎಲ್ಲಕ್ಕೂ "ಹೌದು" ಎನ್ನಬೇಕೆಂದು ಮೊದಲೇ ಹೇಳಿಕೊಟ್ಟಿದ್ದರು, ನಾನೂ ಹಾಗೆಯೇ ಅಂದೆ. ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದ ನಾನು ಆ ಹಾಳೆಗಳನ್ನು ಮನೆಗೆ ತಂದು ಓದಲಿಲ್ಲವೆಂಬುದು ಇಂದಿಗೂ ನನ್ನನ್ನು ಕೊರೆಯುತ್ತದೆ.

2023ರ ಜುಲೈನಲ್ಲಿ ಮೊಬೈಲಿಗೆ ಸಂದೇಶ ಬಂತು: ಎರಡನೆಯ ಕಂತು ಐದು ಲಕ್ಷ ಬಾಕಿ. ನಾನು ಕೊಂಡದ್ದು ಹತ್ತು ವರ್ಷ ಕಂತು ಕಟ್ಟಬೇಕಾದ ಜೀವವಿಮೆ. ಒಂದೇ ಕಂತಿಗೆ ನಿಲ್ಲಿಸಿದರೆ ಕಟ್ಟಿದ್ದೂ ಕೈಗೆ ಬರುತ್ತಿರಲಿಲ್ಲ. ನಮೂನೆಯಲ್ಲಿ ನನ್ನ ಉದ್ಯೋಗ ವ್ಯಾಪಾರವೆಂದೂ ವಾರ್ಷಿಕ ಆದಾಯ ಹದಿನೆಂಟು ಲಕ್ಷವೆಂದೂ ಬೇರೆ ಯಾರದೋ ಕೈಬರಹದಲ್ಲಿತ್ತು. ಬ್ಯಾಂಕುಗಳು ವಿಮಾ ಕಂಪನಿಗಳ ಕಾರ್ಪೊರೇಟ್ ಏಜೆಂಟರಾಗಿ ಕಮಿಷನ್ ಪಡೆಯುತ್ತವೆಂಬುದು ನನಗೆ ಆಮೇಲೆ ತಿಳಿಯಿತು. ಅದೇ ಐದು ಲಕ್ಷ ಅಂಚೆ ಕಚೇರಿಯಲ್ಲಿದ್ದಿದ್ದರೆ, ಅಂದಿನ ಶೇ. 7.4ರ ದರದಲ್ಲಿ ಮೂರು ತಿಂಗಳಿಗೊಮ್ಮೆ 9,250 ರೂಪಾಯಿ ಬರುತ್ತಿತ್ತು.

ಪಾಲಿಸಿ ಬೇಡವೆನಿಸಿದರೆ ಹಿಂದಿರುಗಿಸಲು ಫ್ರೀ ಲುಕ್ ಅವಧಿಯೆಂಬುದಿದೆ. 2024ರ ಏಪ್ರಿಲ್‌ನಿಂದ ಅದು ಪಾಲಿಸಿ ಕೈಸೇರಿದ ಮೇಲೆ 30 ದಿನ. ದಯವಿಟ್ಟು ಬಾಂಡ್, ಅಂದರೆ ಪಾಲಿಸಿಯ ಪತ್ರ, ಬಂದ ದಿನವೇ ಲಕೋಟೆ ಒಡೆದು, ಪ್ರೀಮಿಯಂ ಎಷ್ಟು ವರ್ಷ ಕಟ್ಟಬೇಕೆಂಬ ಸಾಲನ್ನು ಮಕ್ಕಳಿಂದಲಾದರೂ ಓದಿಸಿಕೊಳ್ಳಿ. ನಾನು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ.

ಈಗಾಗಲೇ ಅವಧಿ ಮೀರಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಅವರು ತಿರಸ್ಕರಿಸಿದರೆ, ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. "ನೀವೇ ಸಹಿ ಮಾಡಿದ್ದೀರಿ" ಎಂದು ಕಂಪನಿ ನನ್ನ ದೂರನ್ನು ತಳ್ಳಿಹಾಕಿತ್ತು. ಆದರೆ ಪಿಂಚಣಿ ಪಾವತಿ ಆದೇಶವನ್ನು ಆ ಹದಿನೆಂಟು ಲಕ್ಷದ ಪಕ್ಕದಲ್ಲಿಟ್ಟು ತೋರಿಸಿದ್ದರಿಂದ ಒಂಬುಡ್ಸ್‌ಮನ್ ಮುಂದೆ ನನ್ನ ಮಾತಿಗೆ ಬಲ ಬಂತು.

2024ರಲ್ಲಿ ಅಸಲು ಮರಳಿತು, ಬಡ್ಡಿ ಬರಲಿಲ್ಲ. ಅಷ್ಟರಲ್ಲಿ ನನ್ನ ಪತ್ನಿಯ ಮಂಡಿನೋವು ಹೆಚ್ಚಾಗಿ, ಕಾಶಿಯ ಘಾಟ್‌ಗಳ ಮೆಟ್ಟಿಲು ಇಳಿಯುವುದು ಬೇಡವೆಂದು ವೈದ್ಯರು ಹೇಳಿಬಿಟ್ಟಿದ್ದರು.