ಲೋಹಾರ್ ಚಾಲ್‌ನಲ್ಲಿ ಕೊಂಡ ಸಾಕೆಟ್ ಟೆಸ್ಟರ್

ಮಾಟುಂಗಾದ ನಮ್ಮ ಹಳೆಯ ಮನೆಯ ವೈರಿಂಗ್ ಪರೀಕ್ಷಿಸಲೆಂದು ಮುಂಬಯಿಯ ಲೋಹಾರ್ ಚಾಲ್‌ನಲ್ಲಿ ಕೊಂಡ ಮೂರು ದೀಪಗಳ ಸಾಕೆಟ್ ಟೆಸ್ಟರನ್ನು ಮಳೆಗಾಲವಿಡೀ ಬಳಸಿದ್ದೇನೆ. ಪ್ಲಗ್ಗಿನಂತೆ ಚುಚ್ಚಿದೊಡನೆ, ಅರ್ತಿಂಗ್ ಇಲ್ಲದಿರುವುದನ್ನೂ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದನ್ನೂ ಅದು ತೋರಿಸುತ್ತದೆ, ಫ್ರಿಜ್ಜಿನ ಸಾಕೆಟ್ಟಿಗೆ ಅರ್ತಿಂಗ್ ತಂತಿಯನ್ನೇ ಜೋಡಿಸಿಲ್ಲವೆಂಬುದು (ಇಷ್ಟು ವರ್ಷ ನಾವು ಬರಿಗಾಲಿನಲ್ಲೇ ಅದರ ಬಾಗಿಲು ತೆರೆಯುತ್ತಿದ್ದೆವು!) ಹೀಗೆ ಬಯಲಾಯಿತು. ಆದರೆ ನ್ಯೂಟ್ರಲ್ ಮತ್ತು ಅರ್ತ್ ತಂತಿಗಳು ಪರಸ್ಪರ ಬದಲಾಗಿದ್ದರೆ ಈ ಸಾಧನಕ್ಕೆ ತಿಳಿಯದು, ಅರ್ತಿಂಗ್ ಎಷ್ಟು ಚೆನ್ನಾಗಿದೆ ಎಂಬುದನ್ನೂ ಅದು ಅಳೆಯಲಾರದು. ತೇವ ಹೀರಿದ ಗೋಡೆಯೊಳಗಿನ ತಂತಿಗಳ ಇನ್ಸುಲೇಶನ್ ಅಳೆಯಲು 500 ವೋಲ್ಟ್ ಡಿ.ಸಿ. ಹಾಯಿಸುವ ಮೆಗ್ಗರ್ ಎಂಬ ಬೇರೆ ಸಾಧನ ಬೇಕು. ಮೇನ್ ಸ್ವಿಚ್ ಆರಿಸಿ, ಉಪಕರಣಗಳನ್ನೆಲ್ಲ ಕಳಚಿದ ಮೇಲೆ ಮಾಡಬೇಕಾದ ಆ ಕೆಲಸವನ್ನು ಎಲೆಕ್ಟ್ರಿಷಿಯನ್ನರಿಗೇ ಬಿಡುವುದು ಲೇಸು. ವಿದ್ಯುತ್ ಸೋರಿದೊಡನೆ ಸರಬರಾಜು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಪರೀಕ್ಷಿಸುವ ಗುಂಡಿಯೂ ನನ್ನ ಟೆಸ್ಟರಿನಲ್ಲಿದೆಯಾದರೂ, ಅರ್ತಿಂಗ್ ಇಲ್ಲದ ಸಾಕೆಟ್ಟಿನಲ್ಲಿ ಆ ಗುಂಡಿ ಒತ್ತಿ ಪ್ರಯೋಜನವಿಲ್ಲ.